ಅರ್ಧ ದಿನದ ದುಡಿಮೆಗೆ ದರ ಎಲ್ಲಿದೆ?

ಕಾಲೇಜು ಪ್ರವೇಶದ ದಿನಗಳಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವವರೆಲ್ಲ ಹದಿನೆಂಟರ ಹುಡುಗ ಹುಡುಗಿಯರಲ್ಲ. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಓದು ಬಿಟ್ಟ, ಈಗ ಮಗುವನ್ನು ಶಾಲೆಗೆ ಸೇರಿಸಿ ತಾನೂ ಪದವಿ ಮುಗಿಸಬೇಕೆನ್ನುವ ಹೆಂಗಸು ಅಲ್ಲಿರುತ್ತಾಳೆ. ಐಟಿಐ ಸರ್ಟಿಫಿಕೇಟಿನ ಬಲದಲ್ಲಿ ಪೀಣ್ಯದ ವರ್ಕ್‌ಶಾಪಿನಲ್ಲಿ ಏಳೆಂಟು ವರ್ಷ ದುಡಿದು, ಡಿಪ್ಲೊಮಾ ಇಲ್ಲದೆ ಸೂಪರ್‌ವೈಸರ್ ಆಗುವಂತಿಲ್ಲ ಎಂದು ಅರಿತ ಕೆಲಸಗಾರ ಇರುತ್ತಾನೆ. ಅಪ್ಪ ತೀರಿಕೊಂಡ ವರ್ಷ ಬಿಎಸ್‌ಸಿ ಅರ್ಧಕ್ಕೆ ಬಿಟ್ಟು ಅಂಗಡಿಯ ಕ್ಯಾಶ್ ಕೌಂಟರಿಗೆ ಕೂತವನೂ ಇರುತ್ತಾನೆ. ಶುಲ್ಕ ಎಷ್ಟು ಎನ್ನುವುದಕ್ಕಿಂತ ಮೊದಲು ಇವರು ಕೇಳುವುದು, ತರಗತಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು. ಸರ್ಕಾರಿ ಕಾಲೇಜಿನ ಶುಲ್ಕವನ್ನು ಹೇಗೋ ಹೊಂದಿಸಬಹುದು. ಹೊಂದಿಸಲಾಗದ್ದು ಬಾಡಿಗೆ, ಕರೆಂಟು ಬಿಲ್ಲು, ಗ್ಯಾಸು, ಹಾಲು, ಮಗುವಿನ ಶಾಲೆಯ ಕಂತು, ಹಳೆಯ ಸಾಲದ ಇಎಂಐ. ಇವಕ್ಕೆ ರಜೆ ಇಲ್ಲ. ಹಾಗಾಗಿ ಓದಿಗೆ ಮರಳುವವರು ದಿನದಲ್ಲಿ ನಾಲ್ಕೈದು ಗಂಟೆಯ ಕೆಲಸವೊಂದನ್ನು ಹುಡುಕುತ್ತಾರೆ. ಆ ಕೆಲಸ ಸಿಗುವುದಿಲ್ಲ. ನಮ್ಮಲ್ಲಿ ಕೆಲಸಕ್ಕೇ ಬರ ಇದೆ ಎನ್ನುವುದು ಇದಕ್ಕೆ ಕೊಡುವ ಸುಲಭದ ಕಾರಣ. ನನ್ನ ಮಟ್ಟಿಗೆ ಅಸಲು ಕಾರಣ ಬೇರೆ. ದುಡಿಮೆಯನ್ನು ಗಂಟೆಯ ಲೆಕ್ಕದಲ್ಲಿ ಅಳೆದು, ಆ ಗಂಟೆಗೆ ನ್ಯಾಯವಾದ ದರ ಕಟ್ಟಿ, ಅದು ಯಾವ ಗಂಟೆ ಎಂಬುದನ್ನು ಮುಂಚಿತವಾಗಿ ಹೇಳುವ ಪದ್ಧತಿ ನಮ್ಮಲ್ಲಿ ಬೆಳೆದೇ ಇಲ್ಲ. ಅದು ಬೆಳೆಯುವ ತನಕ ಎರಡನೆಯ ಸಲ ಓದುವುದು ಉಳ್ಳವರಿಗಷ್ಟೇ ದಕ್ಕುವ ಸಂಗತಿಯಾಗಿ ಉಳಿಯುತ್ತದೆ.

ಬಡ ವಿದ್ಯಾರ್ಥಿಯ ಹೊಟ್ಟೆಯ ಪ್ರಶ್ನೆಯನ್ನು ಕನ್ನಡ ನಾಡು ಕಡೆಗಣಿಸಿತ್ತು ಎಂದು ಯಾರೂ ಹೇಳಲಾರರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಾಲವೊಂದಿತ್ತು. ಬಳಿಕ ಮಠಗಳ ಉಚಿತ ಪ್ರಸಾದ ನಿಲಯಗಳು ಬಂದವು, ಸಮುದಾಯಗಳು ತಂತಮ್ಮ ಹಾಸ್ಟೆಲು ಕಟ್ಟಿದವು, ಸರ್ಕಾರ ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ವಿದ್ಯಾರ್ಥಿನಿಲಯಗಳನ್ನು ತೆರೆಯಿತು. ಧಾರವಾಡದ ಮುರುಘಾಮಠದಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಾಡಿನ ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆಯೂ ಇದೇ ಪರಂಪರೆಯದು. ಇದೆಲ್ಲ ದೊಡ್ಡ ಕೆಲಸ, ಅದರ ಋಣ ದೊಡ್ಡದು. ಆದರೆ ಈ ಎಲ್ಲ ಏರ್ಪಾಟುಗಳ ಕಣ್ಣ ಮುಂದಿದ್ದದ್ದು ಊರು ಬಿಟ್ಟು ಬಂದ, ಮದುವೆಯಾಗದ, ತನ್ನ ಹೊಟ್ಟೆಯೊಂದನ್ನೇ ನೋಡಿಕೊಳ್ಳಬೇಕಾದ ಎಳೆಯ ವಿದ್ಯಾರ್ಥಿ. ಮೂವತ್ತೆರಡರ ತಾಯಿಯನ್ನು ಯಾವ ಹಾಸ್ಟೆಲಿಗೆ ಸೇರಿಸುವುದು? ಅವಳ ಎದುರಿಗಿರುವುದು ತನ್ನೊಬ್ಬಳ ಊಟದ ಪ್ರಶ್ನೆಯಲ್ಲ, ಒಂದು ಸಂಸಾರದ ತಿಂಗಳ ಖರ್ಚು. ದಾನದ ಮೇಲೆ, ಅನುದಾನದ ಮೇಲೆ ಅವಳು ಬಹಳ ದಿನ ನಡೆಯಲಾರಳು. ಅವಳಿಗೆ ಸಂಪಾದನೆಯೇ ಬೇಕು.

ಉನ್ನತ ಶಿಕ್ಷಣದ ಲೆಕ್ಕಪತ್ರದಲ್ಲಿಯೂ ಅವಳಿಗೆ ಜಾಗ ಇಕ್ಕಟ್ಟು. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 4.33 ಕೋಟಿ ವಿದ್ಯಾರ್ಥಿಗಳಿದ್ದರು, ಒಟ್ಟು ದಾಖಲಾತಿ ಪ್ರಮಾಣ ಶೇ 28.4. ಈ ಪ್ರಮಾಣವನ್ನು ತೆಗೆಯುವಾಗ ಭಾಗಿಸುವುದು 18ರಿಂದ 23 ವಯಸ್ಸಿನವರ ಜನಸಂಖ್ಯೆಯಿಂದ. ಇಪ್ಪತ್ತಮೂರು ದಾಟಿದವರು ಓದಲು ಸೇರಿದರೆ ಮೇಲಿನ ಸಂಖ್ಯೆಗೆ ಸೇರುತ್ತಾರೆ. ಆದರೆ ಸೇರಬೇಕಿದ್ದೂ ಸೇರಲಾಗದೆ ಹೋದವರನ್ನು ಎಣಿಸುವ ಅಂಕಣ ಅಲ್ಲಿಲ್ಲ. ಎಣಿಕೆಗೆ ಬಾರದವರ ಸಲುವಾಗಿ ಯೋಜನೆ ರೂಪಿಸಬೇಕೆಂದು ಯಾವ ಇಲಾಖೆಗೂ ತೋಚುವುದಿಲ್ಲ.

ಇನ್ನು ದುಡಿಮೆಯ ಕಡೆಗೆ ಬರೋಣ. ನಮ್ಮಲ್ಲಿ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡುತ್ತಾರೆ, ಸಂಬಳವನ್ನು ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ, ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು ಎಂದು ಕೊಡುತ್ತಾರೆ. ಗಂಟೆಗಿಷ್ಟು ಎಂದು ಗೊತ್ತುಮಾಡಿದ ದರ ಅಪರೂಪ. ಕಾನೂನು ಅಡ್ಡ ಬಂದದ್ದರಿಂದ ಹೀಗಾಯಿತು ಎನ್ನುವಂತಿಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಗಂಟೆ, ದಿನ, ತಿಂಗಳು ಈ ಮೂರರಲ್ಲಿ ಯಾವ ಲೆಕ್ಕದಲ್ಲಾದರೂ ದರ ಗೊತ್ತುಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಆ ಅವಕಾಶ ಇದೆ. ಮುಕ್ಕಾಲು ಶತಮಾನ ಬಾಗಿಲು ತೆರೆದೇ ಇದ್ದರೂ ಒಳಗೆ ಹೋಗುವ ಮನಸ್ಸು ಆಗಲಿಲ್ಲ. ಬದಲಿಗೆ ನಮ್ಮ ಚರ್ಚೆಯೆಲ್ಲ ದಿನವನ್ನು ಉದ್ದ ಮಾಡುವುದರ ಸುತ್ತ ನಡೆದಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 2023ರಲ್ಲಿ ರಾಜ್ಯ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆ ಮೀರದಂತೆ ದಿನದ ಪಾಳಿಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. 2025ರಲ್ಲಿ ಅಂಗಡಿ ಮತ್ತು ಐಟಿ ಸಂಸ್ಥೆಗಳಲ್ಲೂ ದಿನದ ಅವಧಿ ಹೆಚ್ಚಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆಗಳು ಬೀದಿಗಿಳಿದವು. ಒಂಬತ್ತೋ ಹನ್ನೆರಡೋ ಎಂದು ಇಷ್ಟು ವಾದ ನಡೆದಿದೆ, ನಾಲ್ಕು ಗಂಟೆ ದುಡಿಯುವವರ ಹಕ್ಕೇನು ಎಂದು ಅಷ್ಟೇ ಗಟ್ಟಿಯಾಗಿ ಕೇಳಿದವರು ಕಾಣುವುದಿಲ್ಲ. ಅರೆಕಾಲಿಕ ದುಡಿಮೆಗಾರರಿಗೆ ಪೂರ್ಣಾವಧಿಯವರ ಸಮಪ್ರಮಾಣದ ವೇತನ ಮತ್ತು ರಕ್ಷಣೆ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1994ರಲ್ಲೇ ಒಂದು ಒಡಂಬಡಿಕೆಯನ್ನು ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ.

ಗಂಟೆಗೆ ದರ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ತಿಂಗಳಿಗೆ 15,000 ರೂಪಾಯಿ ಸಂಬಳದ ಕೆಲಸವೊಂದಿದೆ ಎಂದು ಇಟ್ಟುಕೊಳ್ಳಿ. 26 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 208 ಗಂಟೆ. ಗಂಟೆಗೆ ಬೀಳುವುದು ಸುಮಾರು 72 ರೂಪಾಯಿ. ಅದೇ ಕೆಲಸವನ್ನು ಓದುವವರೊಬ್ಬರು ವಾರಕ್ಕೆ ಇಪ್ಪತ್ತು ಗಂಟೆ ಮಾಡಿದರೆ ನಾಲ್ಕು ವಾರಕ್ಕೆ 5,760 ರೂಪಾಯಿ ಕೈಗೆ ಬರಬೇಕು. ವಾಸ್ತವದಲ್ಲಿ ಅರ್ಧ ದಿನದ ಕೆಲಸ ಕೇಳಿಕೊಂಡು ಹೋದವರಿಗೆ ಮಾಲೀಕರು ಹೇಳುವ ಮೊತ್ತ ಈ ಲೆಕ್ಕದಿಂದ ಹುಟ್ಟುವುದಿಲ್ಲ. ಅದು ಬಾಯಿಗೆ ಬಂದ ಮೊತ್ತ, ಮಾಲೀಕರು ಉಪಕಾರ ಮಾಡುತ್ತಿದ್ದಾರೆ ಎಂಬ ಧಾಟಿಯ ಮೊತ್ತ. ಪಿಎಫ್, ಇಎಸ್ಐ ಮಾತೇ ಬರುವುದಿಲ್ಲ. ಅರ್ಧ ದಿನ ಎಂದು ಸೇರಿಸಿಕೊಂಡು ಸಂಜೆ ಗಿರಾಕಿ ಹೆಚ್ಚಾದಾಗ ಇನ್ನೊಂದು ಗಂಟೆ ಇರು ಎಂದರೆ, ಆ ಒಂದು ಗಂಟೆಗೆ ಬೆಲೆಯೇ ಇಲ್ಲದ್ದರಿಂದ ಅದನ್ನು ಕೇಳಿ ಪಡೆಯುವ ದಾರಿಯೂ ಇಲ್ಲ. ಇನ್ನು ನ್ಯಾಯವಾಗಿಯೇ 5,760 ಸಿಕ್ಕಿತು ಎನ್ನಿ. ಬೆಂಗಳೂರಿನಲ್ಲಿ ಹಂಚಿಕೊಂಡ ಪಿಜಿ ಕೋಣೆಗೂ ಅನೇಕ ಕಡೆ ಅದು ಸಾಲದು. ಕಾಯಂ ಅಲ್ಲದ ಕೆಲಸದ ಗಂಟೆಯ ದರವನ್ನು ಕಾಯಂ ಕೆಲಸದ ದರಕ್ಕಿಂತ ಏರಿಸಿ ಇಡುವ ಪದ್ಧತಿ ಬೇರೆ ಕಡೆ ಇದೆ. ಆಸ್ಟ್ರೇಲಿಯಾದಲ್ಲಿ ರಜೆ, ಕಾಯಂ ಭದ್ರತೆ ಇಲ್ಲದ ತಾತ್ಕಾಲಿಕ ಕೆಲಸಗಾರರಿಗೆ ಗಂಟೆಯ ದರದ ಮೇಲೆ ಸಾಮಾನ್ಯವಾಗಿ ಶೇ 25ರಷ್ಟು ಹೆಚ್ಚುವರಿ ಸೇರಿಸುತ್ತಾರೆ. ನಮ್ಮ 72 ರೂಪಾಯಿಗೆ ಅದೇ ಸೂತ್ರ ಹಚ್ಚಿದರೆ 90 ಆಗುತ್ತದೆ, ತಿಂಗಳಿಗೆ 7,200. ಇದೂ ಸಂಸಾರ ನಡೆಸುವ ಹಣವಲ್ಲ. ಆದರೆ ಗಂಡನ ಅಥವಾ ಹೆಂಡತಿಯ ದುಡಿಮೆಯೊಂದಿಗೆ, ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರದೊಂದಿಗೆ, 2023ರ ಜೂನ್‌ನಿಂದ ಹೆಂಗಸರಿಗೆ ಉಚಿತವಾಗಿರುವ ಬಸ್ಸಿನೊಂದಿಗೆ ಸೇರಿದಾಗ ಓದು ನಿಲ್ಲುವುದಕ್ಕೂ ಮುಂದುವರಿಯುವುದಕ್ಕೂ ನಡುವಿನ ಅಂತರವನ್ನು ಅದು ತುಂಬಬಲ್ಲದು. ಈ ಉಚಿತ ಬಸ್ಸಿನ ಶಕ್ತಿ ಯೋಜನೆಯ ಬಗ್ಗೆ ಎಷ್ಟೋ ವಾದಗಳು ನಡೆದಿವೆ. ಓದಿಗೆ ಮರಳುವ ಹೆಣ್ಣಿನ ತಿಂಗಳ ಪಟ್ಟಿಯಿಂದ ಒಂದು ಸಾಲನ್ನು ಅದು ಪೂರ್ತಿಯಾಗಿ ಅಳಿಸಿದೆ ಎಂಬುದನ್ನು ಆ ವಾದಗಳಲ್ಲಿ ಯಾರೂ ಹೆಚ್ಚಾಗಿ ಎತ್ತುವುದಿಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಸ್ವಿಗ್ಗಿ, ಜೊಮ್ಯಾಟೊ, ರ‍್ಯಾಪಿಡೊ ಬಂದ ಮೇಲೂ ಈ ದೂರು ಏಕೆ, ಬೇಕಾದಾಗ ಲಾಗಿನ್ ಆಗಿ ಬೇಡವಾದಾಗ ಲಾಗ್‌ಔಟ್ ಆದರಾಯಿತಲ್ಲ? ಗಿಗ್ ದುಡಿಮೆ ಸಣ್ಣ ಸಂಗತಿಯಲ್ಲ. ದೇಶದಲ್ಲಿ 2020–21ರಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು, 2029–30ರ ಹೊತ್ತಿಗೆ ಅದು 2.35 ಕೋಟಿ ಆಗಬಹುದು ಎಂದು ನೀತಿ ಆಯೋಗ 2022ರಲ್ಲಿ ಅಂದಾಜಿಸಿತ್ತು. ಬೆನ್ನಿಗೆ ಡೆಲಿವರಿ ಚೀಲ ಹಾಕಿಕೊಂಡೇ ಪರೀಕ್ಷೆಗೆ ಓದುತ್ತಿರುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ, ಅವರ ಛಲಕ್ಕೆ ತಲೆಬಾಗಬೇಕು. ಆದರೆ ಆ ಕೆಲಸ ಮಾರುವುದು ಗಂಟೆಯನ್ನಲ್ಲ, ಆರ್ಡರನ್ನು. ಹೋಟೆಲಿನ ಮುಂದೆ ಕಾದ ಹೊತ್ತಿಗೆ, ಆರ್ಡರ್ ಬಾರದೆ ಕೂತ ಹೊತ್ತಿಗೆ ದುಡ್ಡಿಲ್ಲ. ಪೆಟ್ರೋಲು, ಗಾಡಿಯ ಕಂತು, ಟೈರು, ಮೊಬೈಲ್ ಡೇಟಾ ಎಲ್ಲವೂ ದುಡಿಯುವವರ ಕೈಯಿಂದಲೇ. ಒಂದೊಂದು ಆರ್ಡರಿನ ದರ ಕಡಿಮೆ ಇರುವುದರಿಂದ ಕೈಗೆ ನಾಲ್ಕು ಕಾಸು ಉಳಿಯುವುದು ಇನ್ಸೆಂಟಿವ್‌ನಲ್ಲಿ. ಆ ಇನ್ಸೆಂಟಿವ್ ಇಷ್ಟು ಆರ್ಡರ್ ಮುಗಿಸಿದರೆ ಮಾತ್ರ ಎಂಬ ಗುರಿಗೆ ಕಟ್ಟಿಕೊಂಡಿರುತ್ತದೆ. ಗಿರಾಕಿ ಹೆಚ್ಚಿರುವುದು ಮಧ್ಯಾಹ್ನದ ಊಟದ ವೇಳೆಗೆ ಮತ್ತು ರಾತ್ರಿ ಏಳರಿಂದ ಹತ್ತರವರೆಗೆ. ಸಂಜೆ ಕಾಲೇಜಿನ ತರಗತಿಗಳೂ ಹೆಚ್ಚುಕಡಿಮೆ ಆಗಲೇ. ಬೇಕಾದಾಗ ಲಾಗ್‌ಔಟ್ ಆಗುವ ಸ್ವಾತಂತ್ರ್ಯ ಕಾಗದದ ಮೇಲೆ ಇದ್ದೇ ಇದೆ. ದುಡ್ಡು ಬರುವ ಹೊತ್ತಿನಲ್ಲಿ ಲಾಗ್‌ಔಟ್ ಆಗುವುದು ಬಾಡಿಗೆ ಕಟ್ಟಬೇಕಾದವರ ಕೈಲಾಗದು. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕೆಲಸಗಾರರ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ತಂದಿತು, ಕಲ್ಯಾಣ ಮಂಡಳಿ ರಚನೆಗೆ, ಕೆಲಸಗಾರರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿಗೆ ಅವಕಾಶ ಮಾಡಿತು. ಇದು ಒಳ್ಳೆಯ ಆರಂಭ. ಕಾದ ಹೊತ್ತಿಗೆ ಕೂಲಿ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಗಂಟೆಯ ಬೆಲೆಯಷ್ಟೇ ಮುಖ್ಯವಾದದ್ದು ಗಂಟೆಯ ಖಚಿತತೆ. ಇದನ್ನು ತಿಳಿಯಲು ಸಂಜೆ ಕಾಲೇಜುಗಳ ಚರಿತ್ರೆಯನ್ನು ನೋಡಬೇಕು. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಕೆಲಸಗಾರರು, ಬ್ಯಾಂಕಿನ ಗುಮಾಸ್ತರು, ಸಚಿವಾಲಯದ ನೌಕರರು ಸಂಜೆ ತರಗತಿಗಳಲ್ಲಿ ಕೂತು ಬಿಕಾಂ, ಎಲ್‌ಎಲ್‌ಬಿ ಮುಗಿಸಿದರು. ಸಂತ ಜೋಸೆಫರ ಸಂಜೆ ಕಾಲೇಜು 1972ರಲ್ಲಿ ಶುರುವಾದದ್ದು ಇಂಥ ದುಡಿಯುವ ವಿದ್ಯಾರ್ಥಿಗಳಿಗಾಗಿಯೇ. ಆ ವ್ಯವಸ್ಥೆ ನಡೆದದ್ದು ಕಾಲೇಜಿನ ಬಲದಿಂದ ಮಾತ್ರವಲ್ಲ. ಕಾರ್ಖಾನೆಯ ಸೈರನ್ ನಿಗದಿತ ಹೊತ್ತಿಗೆ ಕೂಗುತ್ತಿತ್ತು, ಬ್ಯಾಂಕಿನ ಬಾಗಿಲು ನಿಗದಿತ ಹೊತ್ತಿಗೆ ಮುಚ್ಚುತ್ತಿತ್ತು, ಪಾಳಿ ಮುಗಿದ ಮೇಲಿನ ಹೊತ್ತು ಕೆಲಸಗಾರನ ಸ್ವಂತದ್ದಾಗಿತ್ತು. ಇಂದು ಮಾಲ್‌ನ ಸೇಲ್ಸ್‌ನವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ, ಕಾಲ್ ಸೆಂಟರಿನ ಪಾಳಿ ಅಮೆರಿಕದ ಗಡಿಯಾರಕ್ಕೆ ತಿರುಗುತ್ತದೆ, ಗಾರ್ಮೆಂಟ್ಸ್‌ನಲ್ಲಿ ಆರ್ಡರ್ ತುರ್ತು ಬಂದರೆ ಓವರ್‌ಟೈಮ್‌ಗೆ ಒಲ್ಲೆ ಎನ್ನುವುದು ಕಷ್ಟ. ನಾಳೆ ಎಷ್ಟು ಹೊತ್ತಿಗೆ ಬಿಡುಗಡೆ ಎಂದು ತಿಳಿಯದವರು ಸಂಜೆ ಕಾಲೇಜಿಗೆ ಹೆಸರು ಬರೆಸುವುದು ಹೇಗೆ? ಶೇ 75ರ ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲವಲ್ಲ.

ಶಿಕ್ಷಣ ಸಂಸ್ಥೆಗಳ ಕಡೆಯಿಂದಲೂ ಬಾಗಿಲು ಕಿರಿದಾಗುತ್ತ ಬಂದಿದೆ. ವಕೀಲರ ಪರಿಷತ್ತಿನ 2008ರ ನಿಯಮಗಳು ಕಾನೂನು ತರಗತಿಗಳನ್ನು ಬೆಳಿಗ್ಗೆ ಎಂಟರಿಂದ ಸಂಜೆ ಏಳರ ಒಳಗೆ ನಡೆಸಬೇಕೆಂದು ವಿಧಿಸಿ, ಗುಮಾಸ್ತರನ್ನು ವಕೀಲರನ್ನಾಗಿ ಮಾಡುತ್ತಿದ್ದ ಸಂಜೆ ಕಾನೂನು ಶಿಕ್ಷಣಕ್ಕೆ ಕೊನೆ ಹಾಡಿದವು. ದುಡಿಯುವವರಿಗೆ ಎಂಜಿನಿಯರಿಂಗ್ ಓದಲು ಹೊಂದುವ ವೇಳೆಯಲ್ಲಿ ತರಗತಿ ನಡೆಸಬಹುದೆಂದು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ 2023ರಲ್ಲಿ ಒಪ್ಪಿತು. ಅದು ಮೆಚ್ಚಬೇಕಾದ ಹೆಜ್ಜೆ. ಆದರೆ ಅದು ನೋಂದಾಯಿತ ಸಂಸ್ಥೆಯಲ್ಲಿ ನಿಯತ ಕೆಲಸ ಇರುವವರಿಗಾಗಿ ರೂಪಿಸಿದ ದಾರಿ. ಅರ್ಧ ದಿನ ದುಡಿದು ಅರ್ಧ ದಿನ ಓದುವವರು ಅಲ್ಲಿ ಎಣಿಕೆಗೇ ಬರುವುದಿಲ್ಲ. ಹಾಗಾದರೆ ದೂರಶಿಕ್ಷಣ ಇದೆಯಲ್ಲ ಎನ್ನುವ ಉತ್ತರ ತಟ್ಟನೆ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಹಳ್ಳಿಯ ಶಿಕ್ಷಕರು, ಪೊಲೀಸ್ ಕಾನ್‌ಸ್ಟೆಬಲ್‌ಗಳು, ಗೃಹಿಣಿಯರು ಅಲ್ಲಿ ಪದವಿ ಪಡೆದು ಬದುಕು ಬದಲಿಸಿಕೊಂಡಿದ್ದಾರೆ. ಅದೇ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂದಿನ ವರ್ಷಗಳಿಗೂ ಅನ್ವಯಿಸುವಂತೆ ರದ್ದುಮಾಡಿ, 2018ರಲ್ಲಿ ಮತ್ತೆ ಕೊಟ್ಟಿತು. ಆ ನಡುವಿನ ವರ್ಷಗಳಲ್ಲಿ ಪೆಟ್ಟು ತಿಂದವರು ಬಹುತೇಕ ದುಡಿಯುತ್ತ ಓದುತ್ತಿದ್ದವರೇ. ತಪ್ಪು ಯಾರದ್ದೇ ಇರಲಿ, ರಜೆ ಉಳಿಸಿ, ನಿದ್ದೆಗೆಟ್ಟು ಗಳಿಸಿದ ಪದವಿಗೆ ಬೆಲೆ ಇದೆಯೋ ಇಲ್ಲವೋ ಎಂದು ಅವರು ವರ್ಷಗಟ್ಟಲೆ ಕಾಯಬೇಕಾಯಿತು. ಇನ್ನೊಂದು ಮಾತು: ನರ್ಸಿಂಗ್, ಫಿಸಿಯೊಥೆರಪಿ, ಎಂಜಿನಿಯರಿಂಗ್‌ನಂಥ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸುವಂತಿಲ್ಲ, ನಡೆಸಲೂಬಾರದು. ನೇರವಾಗಿ ಉದ್ಯೋಗಕ್ಕೆ ದಾಟಿಸುವ ಓದು ಇವೇ. ಇವಕ್ಕೆ ಲ್ಯಾಬಿಗೆ, ವಾರ್ಡಿಗೆ ಹೋಗಲೇಬೇಕು. ಮನೆಯಲ್ಲೇ ಓದು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಸರ್ಕಾರದ ನೆರವಿನ ಯೋಜನೆಗಳೂ ಓದನ್ನು ಮತ್ತು ದುಡಿಮೆಯನ್ನು ಎರಡು ಬೇರೆ ಕಾಲಘಟ್ಟಗಳೆಂದೇ ನೋಡುತ್ತವೆ. ಯುವನಿಧಿಯನ್ನೇ ತೆಗೆದುಕೊಳ್ಳಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ ಪದವೀಧರ ನಿರುದ್ಯೋಗಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಷರತ್ತು ಏನೆಂದರೆ ಓದು ಮುಂದುವರಿಸಿದರೆ ಹಣ ಇಲ್ಲ, ಕೆಲಸಕ್ಕೆ ಸೇರಿದರೂ ಇಲ್ಲ. ಡಿಪ್ಲೊಮಾ ಮುಗಿಸಿ ಕೆಲಸ ಸಿಗದ ಹುಡುಗನೊಬ್ಬ ಆ ಎರಡು ವರ್ಷವನ್ನು ಬಿಇ ಮೆಟ್ಟಿಲು ಹತ್ತಲು ಬಳಸಿದರೆ ನೆರವು ನಿಲ್ಲುತ್ತದೆ, ಸುಮ್ಮನೆ ಕೂತರೆ ಬರುತ್ತದೆ. ಸಾರ್ವಜನಿಕ ಹಣ ಇಬ್ಬಗೆಯಲ್ಲಿ ಪೋಲಾಗಬಾರದೆಂಬ ಉದ್ದೇಶ ಷರತ್ತಿನ ಹಿಂದಿದೆ ಎಂಬುದು ಗೊತ್ತು. ಆದರೂ ಇದು ತಲೆಕೆಳಗಾದ ಷರತ್ತು. ಓದಲು ಸೇರಿದ್ದೇನೆ, ವಾರಕ್ಕೆ ಇಪ್ಪತ್ತು ಗಂಟೆ ದುಡಿಯುತ್ತಲೂ ಇದ್ದೇನೆ ಎನ್ನುವವರಿಗೇ ಮೊದಲು ಸಿಗಬೇಕಾದ ಹಣ ಅದು.

ಓದುವಾಗ ದುಡಿದರೆ ಎರಡೂ ಕೆಡುತ್ತವೆ ಎಂಬುದು ನಮ್ಮ ಮನೆಗಳಲ್ಲಿ ಕೇಳುವ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ಆದರೆ ಅದು ಗಂಟೆಯ ಸಂಖ್ಯೆಯ ಮೇಲೆ ನಿಂತ ಸತ್ಯ. ವಾರಕ್ಕೆ 168 ಗಂಟೆ. 48 ಗಂಟೆ ಕೆಲಸ, ಹೋಗಿಬರಲು 12, ನಿದ್ದೆಗೆ ದಿನಕ್ಕೆ ಏಳರಂತೆ 49, ತರಗತಿಗೆ 30 ಕಳೆದರೆ ಅಡುಗೆ, ಮಕ್ಕಳು, ಮನೆಯಲ್ಲಿ ಓದು, ಕಾಯಿಲೆ ಕಸಾಲೆ ಎಲ್ಲಕ್ಕೂ ಉಳಿಯುವುದು 29. ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಇಂಥಲ್ಲಿ ಓದು ಕೆಡದೆ ಇನ್ನೇನಾದೀತು? ಕೆಲಸ 20 ಗಂಟೆಗೆ ಇಳಿದರೆ ಈ ಲೆಕ್ಕ ಪೂರಾ ಬದಲಾಗುತ್ತದೆ. ಜಗತ್ತಿನ ಹಲವು ದೇಶಗಳು ಇದೇ ಸಂಖ್ಯೆಯ ಸುತ್ತಮುತ್ತ ಬಂದು ನಿಂತಿವೆ. ವಿದೇಶಿ ವಿದ್ಯಾರ್ಥಿಗಳಿಗೆ ಅಮೆರಿಕ ಕ್ಯಾಂಪಸ್ಸಿನೊಳಗೆ, ಬ್ರಿಟನ್ ಹೊರಗೂ ತರಗತಿಯ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಬಿಡುತ್ತವೆ. ಕೆನಡಾ 2024ರ ನವೆಂಬರಿನಿಂದ 24 ಗಂಟೆಗೆ ಏರಿಸಿತು, ಆಸ್ಟ್ರೇಲಿಯಾ ಎರಡು ವಾರಕ್ಕೆ 48 ಎನ್ನುತ್ತದೆ. ಲಂಡನ್ನಿನಲ್ಲೋ ಮೆಲ್ಬರ್ನ್‌ನಲ್ಲೋ ಎಂಎಸ್ ಓದುತ್ತ ಕೆಫೆಯಲ್ಲಿ ಲೋಟ ತೊಳೆಯುವ ಮಗನ ಬಗ್ಗೆ ಮೈಸೂರಿನ, ಹುಬ್ಬಳ್ಳಿಯ ಮನೆಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ, ಮತ್ತು ಹೆಮ್ಮೆ ಪಡಬೇಕಾದದ್ದೇ. ಅದೇ ಮಗ ಜಯನಗರದ ದರ್ಶಿನಿ ಹೋಟೆಲಿನಲ್ಲಿ ಸಂಜೆ ನಾಲ್ಕು ಗಂಟೆ ಕೌಂಟರಿನಲ್ಲಿ ನಿಂತರೆ ಮನೆತನದ ಮರ್ಯಾದೆಯ ಮಾತು ಬರುತ್ತದೆ. ಅಲ್ಲಿಯ ಗಂಟೆಗೆ ಕಾನೂನು ಬೆಲೆ ಕಟ್ಟಿದೆ, ಇಲ್ಲಿಯ ಗಂಟೆಗೆ ಕಟ್ಟಿಲ್ಲ. ಮರ್ಯಾದೆಯ ವ್ಯತ್ಯಾಸದಲ್ಲಿ ಬಹುಪಾಲು ಈ ಬೆಲೆಯ ವ್ಯತ್ಯಾಸವೇ. ಜಾತಿಯ ಪಾಲೂ ಅದರಲ್ಲಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಎಂಜಲು ಲೋಟ ಯಾರು ತೊಳೆಯಬೇಕು ಎಂಬುದನ್ನು ಹುಟ್ಟಿನಿಂದ ಗೊತ್ತುಮಾಡಿದ ಸಮಾಜ ನಮ್ಮದು.

ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವ ಆಕ್ಷೇಪ ಕಾರ್ಮಿಕ ಸಂಘಗಳದ್ದು. ಗಂಟೆಯ ಲೆಕ್ಕಕ್ಕೆ ಬಾಗಿಲು ತೆರೆದರೆ ಮಾಲೀಕರು ಕಾಯಂ ಹುದ್ದೆಗಳನ್ನು ಒಡೆದು ಚೂರು ಮಾಡುತ್ತಾರೆ, ಒಬ್ಬರಿಗೆ ಕೊಡಬೇಕಾದ ಸಂಬಳವನ್ನು ಇಬ್ಬರಿಗೆ ಅರೆಬರೆ ಹಂಚಿ ಪಿಎಫ್, ಗ್ರಾಚ್ಯುಟಿ ಉಳಿಸಿಕೊಳ್ಳುತ್ತಾರೆ ಎಂದು ಅವರು ಹೇಳುತ್ತಾರೆ. ಈ ಭಯ ಕಲ್ಪನೆಯಲ್ಲ. ಗುತ್ತಿಗೆ ಪದ್ಧತಿ ಪೌರಕಾರ್ಮಿಕರನ್ನು ಎಷ್ಟು ವರ್ಷ ಅತಂತ್ರದಲ್ಲಿ ಇಟ್ಟಿತು, ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಎಂದು ಎಷ್ಟು ಸಲ ಧರಣಿ ಕೂತರು ಎಂಬುದು ಎಲ್ಲರ ಕಣ್ಣ ಮುಂದಿದೆ. ಬ್ರಿಟನ್ನಿನಲ್ಲಿ ಕನಿಷ್ಠ ಗಂಟೆಯ ಭರವಸೆಯೇ ಇಲ್ಲದ ಶೂನ್ಯ ಗಂಟೆ ಕರಾರುಗಳು ಎಂಥ ಸಂಕಟ ತಂದವು ಎಂಬುದೂ ತಿಳಿದದ್ದೇ. ಆದ್ದರಿಂದ ಗಂಟೆಯ ದರವೊಂದನ್ನೇ ತಂದು ಉಳಿದದ್ದನ್ನು ಮಾರುಕಟ್ಟೆಗೆ ಬಿಡುವುದನ್ನು ನಾನೂ ಒಪ್ಪುವುದಿಲ್ಲ. ಗಂಟೆಯ ದರ ಪೂರ್ಣಾವಧಿಯ ಪ್ರಮಾಣಕ್ಕಿಂತ ಮೇಲೆ ಇದ್ದರೆ ಹುದ್ದೆ ಒಡೆಯುವುದು ಮಾಲೀಕರಿಗೆ ಲಾಭವಾಗುವುದಿಲ್ಲ, ನಷ್ಟವಾಗುತ್ತದೆ. ವಾರಕ್ಕೆ ಇಂತಿಷ್ಟು ಗಂಟೆ ಕೊಡಲೇಬೇಕು, ಪಾಳಿಯ ಪಟ್ಟಿಯನ್ನು ಎರಡು ವಾರ ಮುಂಚೆ ಹೇಳಲೇಬೇಕು ಎಂಬ ಷರತ್ತು ಸೇರಿದರೆ ಶೂನ್ಯ ಗಂಟೆಯ ಕರಾರಿಗೆ ಜಾಗ ಉಳಿಯುವುದಿಲ್ಲ. ಇಷ್ಟಾದರೂ ದುರುಪಯೋಗ ಆಗದೇ ಇರದು, ಕಾರ್ಮಿಕ ಇಲಾಖೆಯ ತಪಾಸಣೆಯ ಬಲ ಎಷ್ಟೆಂಬುದು ಗೊತ್ತಿರುವುದೇ. ಆದರೆ ಈಗಿನ ಸ್ಥಿತಿಯನ್ನೂ ಎದುರಿಗೆ ಇಟ್ಟು ನೋಡಬೇಕು. ಅರೆಕಾಲಿಕ ದುಡಿಮೆ ಈಗಲೂ ನಡೆಯುತ್ತಿದೆ, ಪುಸ್ತಕದಲ್ಲಿ ಬರೆಯದೆ, ದರವಿಲ್ಲದೆ, ರಕ್ಷಣೆಯಿಲ್ಲದೆ. ಗಂಟೆಯ ದರ ಗೊತ್ತುಮಾಡದೆ ಇದ್ದದ್ದರಿಂದ ಕಾಯಂ ನೌಕರಿಗಳೇನೂ ಉಳಿಯಲಿಲ್ಲ.

ಸಣ್ಣ ಮಾಲೀಕರಿಗೆ ಇದು ಹೊರೆ ಎನ್ನುವವರು ಅವರ ಗಲ್ಲಾಪೆಟ್ಟಿಗೆಯನ್ನು ಗಮನಿಸಬೇಕು. ದರ್ಶಿನಿಯಲ್ಲಿ ಬೆಳಿಗ್ಗೆ ಏಳರಿಂದ ಹತ್ತೂವರೆ, ಸಂಜೆ ಐದರಿಂದ ಒಂಬತ್ತು ಜನಜಂಗುಳಿ, ಮಧ್ಯಾಹ್ನ ಮೂರಕ್ಕೆ ಕೆಲಸಗಾರರು ಸುಮ್ಮನೆ ಕೂತಿರುತ್ತಾರೆ. ಮೆಡಿಕಲ್ ಸ್ಟೋರಿಗೆ ವೈದ್ಯರ ಕ್ಲಿನಿಕ್ ತೆರೆದ ಹೊತ್ತಿಗೆ ಗಿರಾಕಿ, ಡಯಾಗ್ನೋಸ್ಟಿಕ್ ಲ್ಯಾಬಿಗೆ ಬರಿಹೊಟ್ಟೆಯ ರಕ್ತಪರೀಕ್ಷೆಯ ಬೆಳಗಿನ ಹೊತ್ತು, ಕೊರಿಯರ್ ಕಚೇರಿಗೆ ಲಾರಿ ಬಂದಿಳಿದ ಎರಡು ಮೂರು ತಾಸು. ವ್ಯಾಪಾರ ಗಂಟೆಗಳಲ್ಲೇ ಏರುತ್ತದೆ, ಇಳಿಯುತ್ತದೆ. ಸಂಬಳವನ್ನು ಮಾತ್ರ ಮಾಲೀಕರು ಖಾಲಿ ಹೊತ್ತಿಗೂ ಸೇರಿಸಿ ತಿಂಗಳಿಗೆ ಕಟ್ಟಿ ಕೊಡುತ್ತಿದ್ದಾರೆ.

ಕಾಲೇಜುಗಳೂ ಕೆಲಸ ಕೊಡಬಲ್ಲವು, ಮತ್ತು ಅದೇ ಎಲ್ಲಕ್ಕಿಂತ ಚೆನ್ನಾದ ಕೆಲಸ, ಏಕೆಂದರೆ ಓಡಾಟದ ಹೊತ್ತು ಉಳಿಯುತ್ತದೆ. ಗ್ರಂಥಾಲಯದ ಕೌಂಟರು, ಪ್ರಯೋಗಾಲಯದ ಸಿದ್ಧತೆ, ದಾಖಲಾತಿ ವಿಭಾಗದ ಡೇಟಾ ಎಂಟ್ರಿ, ಪರೀಕ್ಷಾ ವಿಭಾಗದ ಕಾಗದಪತ್ರ, ತೋಟ. ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಳಗಾವಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದಾಗ, ಗಳಿಸು ಮತ್ತು ಕಲಿ ಎಂಬುದನ್ನೇ ಅದರ ಉಸಿರನ್ನಾಗಿ ಮಾಡಿದರು. ರೈತರ, ಅಸ್ಪೃಶ್ಯರ ಮಕ್ಕಳು ಸ್ವಂತ ದುಡಿಮೆಯಿಂದ ಓದಬೇಕು, ಯಾರ ಮುಂದೆಯೂ ಕೈಚಾಚಬಾರದು ಎಂಬುದು ಅವರ ಛಲ. ಪುಣೆ ವಿಶ್ವವಿದ್ಯಾನಿಲಯ ಅವರ ಹೆಸರಿನಲ್ಲೇ ನಡೆಸುವ ಯೋಜನೆಯಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲಿ ದುಡಿದು ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ಅಮೆರಿಕ ಇಂಥ ಕೆಲಸಕ್ಕೆ 1964ರಿಂದ ಒಕ್ಕೂಟ ಸರ್ಕಾರದ ಹಣವನ್ನೇ ಇಟ್ಟಿದೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೋಧಕೇತರ ಹುದ್ದೆಗಳು ಖಾಲಿ ಬಿದ್ದಿರುವುದು ಎಲ್ಲರಿಗೂ ತಿಳಿದ ಸಂಗತಿ. ಆ ಹುದ್ದೆಗಳನ್ನು ವಿದ್ಯಾರ್ಥಿಗಳಿಂದ ತುಂಬಿಸುವ ನೆಪ ಮಾಡಬಾರದು, ಅದು ಇನ್ನೊಬ್ಬರ ಅನ್ನ ಕಸಿದಂತೆ. ಹುದ್ದೆ ತುಂಬಿದ ಮೇಲೂ ಗ್ರಂಥಾಲಯವನ್ನು ರಾತ್ರಿ ಹತ್ತರವರೆಗೆ ತೆರೆದಿಡುವಂಥ, ಈಗ ಯಾರೂ ಮಾಡದ ಕೆಲಸಗಳು ಉಳಿಯುತ್ತವೆ.

ಹೊತ್ತು ನೋಡಿ ದರ ಕಟ್ಟುವುದು ಕರ್ನಾಟಕಕ್ಕೆ ಹೊಸ ಪಾಠವೂ ಅಲ್ಲ. ಮನೆಕೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಮಾಡಿತು. ಪಾತ್ರೆ ತೊಳೆದು ಮುಂದಿನ ಮನೆಗೆ ಹೋಗುವವರಿಗೂ ಇಡೀ ದಿನ ಒಂದೇ ಮನೆಯಲ್ಲಿ ಇರುವವರಿಗೂ ಕೆಲಸದ ಹೊತ್ತು ನೋಡಿ ಬೇರೆ ಬೇರೆ ದರ ಇಡಬೇಕಾಯಿತು, ಇಟ್ಟಿತು. ಹೊತ್ತಿನ ತುಣುಕಿಗೆ ಬೆಲೆ ಕಟ್ಟಲು ಬರುತ್ತದೆ ಎಂಬುದಕ್ಕೆ ಇಷ್ಟು ಪುರಾವೆ ಸಾಕು. ಹೋಟೆಲು, ಅಂಗಡಿ, ಆಸ್ಪತ್ರೆ, ಗೋದಾಮು, ಖಾಸಗಿ ಶಾಲೆ ಈ ಐದು ಕ್ಷೇತ್ರಗಳ ಕನಿಷ್ಠ ವೇತನದ ಅಧಿಸೂಚನೆಯಲ್ಲಿ ದಿನ ಮತ್ತು ತಿಂಗಳ ಅಂಕಣದ ಪಕ್ಕದಲ್ಲಿ ಶೇ 25 ಏರಿಸಿದ ಗಂಟೆಯ ಅಂಕಣವೊಂದನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಿಲ್ಲ, ವಿಧಾನಸಭೆಯಲ್ಲಿ ಮತಕ್ಕೆ ಹಾಕಬೇಕಿಲ್ಲ. ಕಾರ್ಮಿಕ ಇಲಾಖೆ ಮನಸ್ಸು ಮಾಡಿದರೆ ಮುಂದಿನ ಪರಿಷ್ಕರಣೆಯಲ್ಲೇ ಆಗುತ್ತದೆ. ಉನ್ನತ ಶಿಕ್ಷಣ ಇಲಾಖೆ ಮಾಡಬೇಕಾದದ್ದು ಇನ್ನೂ ಸಣ್ಣದು: ಪ್ರತಿ ಕಾಲೇಜು ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯನ್ನು ಪ್ರವೇಶಕ್ಕೆ ಮೊದಲೇ ಪ್ರಕಟಿಸಿ, ತರಗತಿಗಳನ್ನು ಬೆಳಗಿನ ಅಥವಾ ಮಧ್ಯಾಹ್ನದ ಒಂದೇ ಅವಧಿಗೆ ಕೂಡಿಸಬೇಕು. ಹನ್ನೊಂದಕ್ಕೆ ಒಂದು ಪೀರಿಯಡ್, ಮೂರಕ್ಕೆ ಇನ್ನೊಂದು ಎಂದು ದಿನವಿಡೀ ಹರಡಿದ ವೇಳಾಪಟ್ಟಿ ಇರುವ ಕಡೆ ಗಂಟೆಗೆ ನೂರು ರೂಪಾಯಿ ಕೊಟ್ಟರೂ ದುಡಿಯಲು ಗಂಟೆಯೇ ಸಿಗುವುದಿಲ್ಲ.